ತಜ್ಞನ ಮಾತನ್ನೂ ತೂಗಿ ನೋಡುವ ಪತ್ರಿಕೆ
(ವಾಚನಾಲಯದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ವಾಚನಾಲಯದ ಮೇಜಿನ ಮೇಲೆ ಸುದ್ದಿಪತ್ರಿಕೆಗಳಿವೆ, ಕಥೆಯ ಮಾಸಿಕಗಳಿವೆ, ರಾಶಿಭವಿಷ್ಯಕ್ಕೂ ಕೊರತೆಯಿಲ್ಲ. ಇಂದು ನಾವು ಹೇಳಹೊರಟ ಪತ್ರಿಕೆ ಈ ಮೇಜಿಗೆ ಬಂದದ್ದಿಲ್ಲ. ಅದರ ಚಂದಾ ನಮ್ಮ ಸಂಘದ ಕೈಗೆ ಎಟಕುವಂಥದೂ ಅಲ್ಲ. ಹೆಸರು ‘ಫೊರೆನ್ಸಿಕ್ ಸೈನ್ಸ್ ಇಂಟರ್‌ನ್ಯಾಷನಲ್’. ರಕ್ತದ ಕಲೆ, ಬೆರಳಚ್ಚು, ವಿಷ, ಬಂದೂಕಿನ ಗುಂಡು, ಕೈಬರಹ, ಸಹಿ ಇವನ್ನೆಲ್ಲ ಪರೀಕ್ಷಿಸಿ ನ್ಯಾಯಾಲಯಕ್ಕೆ ತಿಳಿಸುವ ಶಾಸ್ತ್ರಕ್ಕೆ ಫೊರೆನ್ಸಿಕ್ ಸೈನ್ಸ್ ಎನ್ನುತ್ತಾರೆ. ಕನ್ನಡದಲ್ಲಿ ವಿಧಿವಿಜ್ಞಾನವೆಂದು ಕರೆದಿದ್ದಾರೆ.

ಇದು ನಮಗೇಕೆ ಬೇಕು ಎಂದು ನೀವು ಕೇಳಬಹುದು. ಊರು ಬಿಟ್ಟು ಬಂದು ದುಡಿಯುವವರು ನಾವು. ಚಾಳಿನಲ್ಲಿ ಕಳವಾದರೆ, ಹೊಡೆದಾಟವಾದರೆ, ಸಂಶಯದ ಕಣ್ಣು ಮೊದಲು ಬೀಳುವುದು ಪರವೂರಿನವನ ಮೇಲೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನ ಪ್ರಕಾರ ಏಳು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆಯುಳ್ಳ ಅಪರಾಧಗಳಲ್ಲಿ ವಿಧಿವಿಜ್ಞಾನದ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಅವಕಾಶವುಂಟು. ಇದು ಒಳ್ಳೆಯದೇ, ಲಾಠಿಯಿಂದ ಹೊರಡಿಸಿದ ಮಾತಿಗಿಂತ ಪ್ರಯೋಗಾಲಯದ ಮಾತು ಮೇಲು. ಆದರೆ ತಜ್ಞನೇ ತಪ್ಪಿದರೆ? ಕಟಕಟೆಯಲ್ಲಿ ನಿಂತವನಿಗೆ ಆ ಶಾಸ್ತ್ರ ತಿಳಿಯದು, ಅವನ ವಕೀಲನಿಗೂ ಬಹುಮಟ್ಟಿಗೆ ತಿಳಿಯದು.

ಇಂಥ ಜ್ಞಾನವನ್ನು ಒಬ್ಬೊಬ್ಬರ ಕೈಗುಣವಾಗಿ ಉಳಿಯಗೊಡದೆ ಅಚ್ಚಿನಲ್ಲಿ ಬಯಲಿಗಿಡಬೇಕೆಂದು ಹೊರಟವರಲ್ಲಿ ಮೊದಲಿಗರೊಬ್ಬರು ಆಸ್ಟ್ರಿಯದ ಹಾನ್ಸ್ ಗ್ರೋಸ್. ಅವರು ತನಿಖೆಯ ಮ್ಯಾಜಿಸ್ಟ್ರೇಟರಾಗಿದ್ದವರು. 1893ರಲ್ಲಿ ಒಂದು ಕೈಪಿಡಿ ಬರೆದರು. 1898ರಲ್ಲಿ ಜರ್ಮನ್ ಭಾಷೆಯಲ್ಲಿ ಈ ವಿಷಯಕ್ಕಾಗಿಯೇ ಒಂದು ಪತ್ರಿಕೆ ಹೂಡಿದರು. ಆ ಕೈಪಿಡಿಯನ್ನು ಇಂಗ್ಲಿಷಿಗೆ ತಂದವರು ಮದ್ರಾಸಿನ ಸರ್ಕಾರಿ ವಕೀಲರು, ಜಾನ್ ಆಡಮ್ ಮತ್ತು ಕಾಲಿಯರ್ ಆಡಮ್. ನಮ್ಮ ದೇಶದ ಪದ್ಧತಿಗೆ ಹೊಂದಿಸಿ 1906ರಲ್ಲಿ ಮದ್ರಾಸಿನಲ್ಲಿಯೇ ಅಚ್ಚು ಹಾಕಿಸಿದರು. ಮಂಗಳೂರು, ಬಳ್ಳಾರಿಗಳು ಆಗ ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದವೆಂಬುದನ್ನು ನೆನೆದರೆ ಇದು ನಮಗೆ ತೀರ ದೂರದ ಸಂಗತಿಯಲ್ಲ.

ನಾವು ಹೇಳುತ್ತಿರುವ ಪತ್ರಿಕೆ ಹುಟ್ಟಿದ್ದು ಬಹಳ ತಡವಾಗಿ, 1972ರಲ್ಲಿ. ಮೊದಲಿಗೆ ಹೆಸರು ಬರಿಯ ‘ಫೊರೆನ್ಸಿಕ್ ಸೈನ್ಸ್’. 1978ರಲ್ಲಿ ‘ಇಂಟರ್‌ನ್ಯಾಷನಲ್’ ಸೇರಿತು. ಪ್ರಕಾಶಕರು ಎಲ್ಸೆವಿಯರ್ ಸಂಸ್ಥೆಯವರು. ಇದರ ರೀತಿ ಇಷ್ಟು: ಒಬ್ಬ ವಿಜ್ಞಾನಿ ತಾನು ಏನು ಮಾಡಿದೆ, ಎಷ್ಟು ಮಾದರಿ ತೆಗೆದುಕೊಂಡೆ, ಎಷ್ಟು ಸಲ ತಪ್ಪು ಬಂತು ಎಂದೆಲ್ಲ ಬರೆದು ಕಳಿಸಬೇಕು. ಸಂಪಾದಕರು ಅದನ್ನು ಅದೇ ವಿಷಯ ಬಲ್ಲ ಬೇರೆಯವರಿಗೆ ಕೊಟ್ಟು ತಪ್ಪು ಹುಡುಕಿಸುತ್ತಾರೆ. ಆಕ್ಷೇಪಣೆಗಳಿಗೆ ಉತ್ತರ ಕೊಟ್ಟ ಮೇಲೆ ಅಚ್ಚು. ಅಚ್ಚಾದ ಮೇಲೆ ಯಾವ ದೇಶದವನಾದರೂ ಮತ್ತೆ ಮಾಡಿ ನೋಡಬಹುದು.

ಇದರಿಂದ ಏನಾಯಿತೆಂಬುದಕ್ಕೆ ಅಮೆರಿಕದ ಒಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಬಂದೂಕಿನ ಗುಂಡು ಸೀಸದ್ದು. ಅದರಲ್ಲಿ ಆಂಟಿಮನಿ, ಆರ್ಸೆನಿಕ್, ತಾಮ್ರ, ಬೆಳ್ಳಿ ಮೊದಲಾದವು ಅತ್ಯಲ್ಪ ಬೆರೆತಿರುತ್ತವೆ. ಸತ್ತವನ ದೇಹದಲ್ಲಿ ಸಿಕ್ಕ ಗುಂಡಿನಲ್ಲಿಯೂ ಆರೋಪಿಯ ಮನೆಯ ಪೆಟ್ಟಿಗೆಯ ಗುಂಡುಗಳಲ್ಲಿಯೂ ಈ ಬೆರಕೆ ಒಂದೇ ಪ್ರಮಾಣದಲ್ಲಿದ್ದರೆ, ಇವು ಒಂದೇ ಪೆಟ್ಟಿಗೆಯವು ಎಂದು ಎಫ್.ಬಿ.ಐ. ತಜ್ಞರು ಸಾಕ್ಷಿ ನುಡಿದದ್ದುಂಟು. ಈ ಪದ್ಧತಿ ಬಳಕೆಗೆ ಬಂದದ್ದು 1960ರ ದಶಕದಲ್ಲಿ. 1980ರ ದಶಕದ ಆರಂಭದಿಂದ ಈಚೆಗೆ ಸುಮಾರು 2,500 ಖಟ್ಲೆಗಳಲ್ಲಿ ಇಂಥ ಪರೀಕ್ಷೆ ನಡೆಸಿದ್ದಾಗಿ ಎಫ್.ಬಿ.ಐ. ತಾನೇ ಹೇಳಿದೆ.

2002ರಲ್ಲಿ ನಮ್ಮ ಈ ಪತ್ರಿಕೆಯಲ್ಲಿ ಎರಿಕ್ ರ‍್ಯಾಂಡಿಚ್ ಮತ್ತು ಸಂಗಡಿಗರ ಲೇಖನವೊಂದು ಪ್ರಕಟವಾಯಿತು. ಆ ಸಂಗಡಿಗರಲ್ಲೊಬ್ಬರಾದ ವಿಲಿಯಂ ಟೋಬಿನ್ ಎಫ್.ಬಿ.ಐ. ಪ್ರಯೋಗಾಲಯದಲ್ಲಿಯೇ ಲೋಹಶಾಸ್ತ್ರಜ್ಞರಾಗಿದ್ದು ನಿವೃತ್ತರಾದವರು! ಅವರು ಸೀಸ ಶುದ್ಧಿ ಮಾಡುವ ಕಾರಖಾನೆಗಳ ಲೆಕ್ಕಗಳನ್ನೇ ತರಿಸಿ ನೋಡಿದರು. ಒಂದೇ ಕೊಪ್ಪರಿಗೆಯ ಸೀಸ ಮೊದಲಿಂದ ಕೊನೆಯವರೆಗೆ ಒಂದೇ ಸಮನಾಗಿರುವುದಿಲ್ಲ; ಬೇರೆ ಬೇರೆ ಕೊಪ್ಪರಿಗೆಗಳ ಸೀಸ ಕೆಲವೊಮ್ಮೆ ಒಂದೇ ಆಗಿ ಕಾಣುತ್ತದೆ ಎಂದು ತೋರಿಸಿದರು.

ಗಿರಣಿಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣದ ಖಾತೆಯಲ್ಲಿ ಒಂದು ಲಾಟಿನಿಂದ ಹೊರಟ ಬಟ್ಟೆ ಎಷ್ಟು ಅಂಗಡಿಗೆ, ಎಷ್ಟು ಊರಿಗೆ ಹೋಗುತ್ತದೆ! ಒಬ್ಬನ ಅಂಗಿಯ ಬಣ್ಣ ಇನ್ನೊಂದು ಚಿಂದಿಗೆ ಹೊಂದಿತೆಂದು, ಅದೇ ಥಾನಿನಿಂದ ಹರಿದದ್ದೆಂದು ಆಣೆ ಇಡಲಾದೀತೆ?

ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2004ರಲ್ಲಿ ವರದಿ ಕೊಟ್ಟಿತು. ಒಂದೇ ಬೆರಕೆಯ ಸೀಸದಿಂದ 12,000ದಿಂದ ಹಿಡಿದು 3 ಕೋಟಿ 50 ಲಕ್ಷದವರೆಗೆ ಸಣ್ಣ ಗುಂಡುಗಳು ಆಗಬಹುದೆಂದು ಅದರಲ್ಲಿ ಲೆಕ್ಕವಿದೆ. 2005ರ ಸೆಪ್ಟೆಂಬರ್ 1ರಂದು ಎಫ್.ಬಿ.ಐ. ಈ ಪರೀಕ್ಷೆಯನ್ನು ಕೈಬಿಟ್ಟಿತು. 2005ರಲ್ಲಿ ನ್ಯೂ ಜೆರ್ಸಿಯಲ್ಲಿ, 2006ರಲ್ಲಿ ಮೇರಿಲ್ಯಾಂಡಿನಲ್ಲಿ ಮೇಲಿನ ನ್ಯಾಯಾಲಯಗಳು ಇಂಥ ಸಾಕ್ಷ್ಯವಿದ್ದ ಕೊಲೆಯ ಶಿಕ್ಷೆಗಳನ್ನು ರದ್ದುಮಾಡಿದವು.

ಆದರೆ ಸುಮಾರು ನಲವತ್ತು ವರ್ಷ ಯಾರೂ ಕಾರಖಾನೆಯ ಲೆಕ್ಕವನ್ನು ಹೀಗೆ ಕೇಳಿ ನೋಡಲಿಲ್ಲವಲ್ಲ ಎಂಬುದು ನಮ್ಮನ್ನು ಕಾಡುತ್ತದೆ. ಆದ್ದರಿಂದ ಪತ್ರಿಕೆಯಲ್ಲಿ ಅಚ್ಚಾದುದೆಲ್ಲ ವೇದವಾಕ್ಯವೆಂದು ನಾವು ಹೇಳುವುದಿಲ್ಲ. ಅಚ್ಚಾದುದನ್ನು ಪ್ರಶ್ನಿಸಬಹುದು, ಪ್ರಯೋಗಾಲಯದ ಬಾಗಿಲೊಳಗೆ ಉಳಿದುದನ್ನು ಪ್ರಶ್ನಿಸಲಾಗದು. ಇಷ್ಟೇ ಅದರ ಹೆಚ್ಚಳ.

ಈ ಪತ್ರಿಕೆಗೆ ಈಗ ಮರಿಗಳೂ ಆಗಿವೆ. ವಂಶವಾಹಿಗಳ ಪರೀಕ್ಷೆಗೆಂದೇ 2007ರಲ್ಲಿ ಒಂದು ಹೊರಟಿತು. 2019ರಲ್ಲಿ ಹೊರಟ ‘ಸಿನರ್ಜಿ’ ಎಂಬುದನ್ನು ಚಂದಾ ಇಲ್ಲದೆ ಯಾರಾದರೂ ಓದಬಹುದು. ಮೊಬೈಲ್ ಫೋನಿದ್ದರೆ ಸಾಕು. ಇಂಗ್ಲಿಷು ಬಿಗಿಯಾಗಿದೆ, ನಮಗೂ ಪುಟಕ್ಕೊಮ್ಮೆ ನಿಘಂಟು ಬೇಕಾಗುತ್ತದೆ. ಬೆರಳಚ್ಚು ಮತ್ತು ಸಹಿಯ ಬಗೆಗಿನ ಒಂದೆರಡು ಲೇಖನಗಳ ಸಾರವನ್ನು ಕನ್ನಡದಲ್ಲಿ ಬರೆದು ಇಲ್ಲಿಯ ಕಡತಕ್ಕೆ ಹಾಕಬೇಕೆಂದಿದ್ದೇವೆ. ಇಂಗ್ಲಿಷ್ ಬಲ್ಲವರು ಇಬ್ಬರು ಕೈಗೂಡಿಸಿದರೆ ಕೆಲಸ ಬೇಗ ಸಾಗೀತು. ಸಭೆ ಮುಗಿದ ಮೇಲೆ ಕಪಾಟಿನ ಹತ್ತಿರ ಇರುತ್ತೇವೆ, ಹೆಸರು ಕೊಡಿರಿ.