ಸಾಗಣೆಯ ಹೊಣೆ ಯಾರದು?

(ಆದಿತ್ಯನಗರದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಚಿಂಚೋಳಿಯ ಗುಡ್ಡಗಾಡಿನವರಿಗೆ ಸೇಡಂ ಬಯಲಿನ ಲಾರಿಗಳ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ಚಿಂಚೋಳಿಯ ಮೂಲಕ ಹರಿಯುವ ಮುಲ್ಲಾಮಾರಿಯು ಕಾಗಿಣಾ ನದಿಯನ್ನು ಸೇರುತ್ತದೆ. ಕಾಗಿಣೆ ಮಳಖೇಡದ ಕೋಟೆಯ ಮಗ್ಗುಲಲ್ಲಿ ಸಾಗಿ ಭೀಮೆಗೆ ಕೂಡುತ್ತದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ನಮ್ಮ ಕಾಡೂ ನಿಮ್ಮ ತೊಗರಿ ಹೊಲಗಳೂ ಒಂದೇ ನೀರಿನ ನೆಂಟರು. ನಿಮ್ಮ ರಸ್ತೆಯ ಧೂಳು ನಮಗೆ ಪರಕೀಯವಲ್ಲ.

ಈ ಪ್ರದೇಶದ ಬದುಕು ಸುಣ್ಣದ ಕಲ್ಲಿನ ಮೇಲೆ ನಿಂತಿದೆ. ಶಹಾಬಾದಿನ ಹಾಸುಗಲ್ಲು ದೇಶದ ಅಂಗಳಗಳನ್ನೆಲ್ಲ ತಲುಪಿದೆ. ವಾಡಿ, ಸೇಡಂ ಮತ್ತು ಮಳಖೇಡ ರೋಡಿನ ಕಾರ್ಖಾನೆಗಳ ಸಿಮೆಂಟು ದಕ್ಷಿಣದ ನಗರಗಳನ್ನು ಕಟ್ಟಿದೆ. ಒಂದು ಟನ್ ಸಿಮೆಂಟಿಗೆ ಸುಮಾರು ಒಂದೂವರೆ ಟನ್ ಸುಣ್ಣದ ಕಲ್ಲು ಬೇಕು. ಅದರ ಜೊತೆಗೆ ಕಲ್ಲಿದ್ದಲು, ಜಿಪ್ಸಂ, ಹಾರುಬೂದಿ ಒಳಗೆ ಬರಬೇಕು. 50 ಕಿಲೋ ಚೀಲಗಳಾಗಿ ಸಿಮೆಂಟು ಹೊರಗೆ ಹೋಗಬೇಕು. ಆದುದರಿಂದ ಸಿಮೆಂಟು ಉದ್ಯಮವೆಂದರೆ ಅರ್ಧ ಸುಡುವ ಕೆಲಸ, ಅರ್ಧ ಸಾಗಿಸುವ ಕೆಲಸ. ಗೂಡಿನ ಹೊಗೆಯ ಬಗ್ಗೆ ನಾವು ಬಹಳ ಮಾತನಾಡಿದ್ದೇವೆ. ಸಾಗಣೆಯ ಬಗ್ಗೆ ಆಡಿದ ಮಾತು ಕಡಿಮೆ.

ಇದಕ್ಕೆ ಕಾರಣವಿದೆ. ಗೂಡಿಗೆ ಒಡೆಯನೊಬ್ಬನಿದ್ದಾನೆ, ಸಾಗಣೆಗೆ ಹಾಗಿಲ್ಲ. ರಸ್ತೆ ಕುಸಿದರೆ, ತೊಗರಿಯ ಹೂವಿನ ಮೇಲೆ ಧೂಳು ಕುಳಿತರೆ, ಅಪಘಾತವಾದರೆ ಪ್ರಶ್ನೆ ಕೈಯಿಂದ ಕೈಗೆ ದಾಟುತ್ತದೆ. ಸರಕು ಕಳಿಸಿದವರು ಗುತ್ತಿಗೆದಾರನನ್ನು ತೋರಿಸುತ್ತಾರೆ, ಗುತ್ತಿಗೆದಾರ ಲಾರಿ ಮಾಲೀಕನನ್ನು, ಮಾಲೀಕ ಚಾಲಕನನ್ನು. ಸಾಲಿನ ಕೊನೆಗೆ ಉಳಿಯುವವನು ಎಲ್ಲರಿಗಿಂತ ಬಡವ.

ಆದರೆ ಕಾನೂನು ಹಾಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 194ನೆಯ ಕಲಮಿನ ಪ್ರಕಾರ ಮಿತಿಮೀರಿದ ಭಾರದ ವಾಹನವನ್ನು ಚಲಾಯಿಸಿದವನಷ್ಟೇ ಅಲ್ಲ, ಚಲಾಯಿಸುವಂತೆ ಮಾಡಿದವನೂ, ಚಲಾಯಿಸಲು ಬಿಟ್ಟವನೂ ಅಪರಾಧಿ. 2019ರ ತಿದ್ದುಪಡಿಯ ನಂತರ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ದಂಡ ಕಟ್ಟಿದ ಮಾತ್ರಕ್ಕೆ ಅದೇ ಭಾರದೊಡನೆ ಮುಂದೆ ಸಾಗುವಂತಿಲ್ಲ, ಹೆಚ್ಚುವರಿ ಸರಕನ್ನು ಇಳಿಸಲೇಬೇಕು ಎಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿಯೇ ಸ್ಪಷ್ಟಪಡಿಸಿದೆ. ಇನ್ನೊಂದು ಸರಳ ಸಂಗತಿಯನ್ನು ಗಮನಿಸಿ. ಸಿಮೆಂಟು ತೂಕಕ್ಕೆ ಮಾರುವ ಸರಕು. ಲಾರಿ ಹೊರಡುವ ಮೊದಲು ದ್ವಾರದಲ್ಲಿಯೇ ತೂಗಲ್ಪಡುತ್ತದೆ. ಹೀಗಿರುವಾಗ ಭಾರ ನಮಗೆ ತಿಳಿಯದು ಎಂದು ಕಳಿಸಿದವರು ಹೇಳಲು ಬರುವುದಿಲ್ಲ.

ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ನಾವು ಕೊಡುತ್ತಿದ್ದೇವಲ್ಲ ಎಂಬ ಉತ್ತರ ಬರುತ್ತದೆ. 2013ರ ಕಂಪನಿ ಕಾಯ್ದೆಯ 135ನೆಯ ಕಲಮು ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಮಾಜಕ್ಕಾಗಿ ವ್ಯಯಿಸಬೇಕೆನ್ನುತ್ತದೆ. ಶಾಲೆಯ ಕೋಣೆ, ಕುಡಿಯುವ ನೀರು, ಆರೋಗ್ಯ ಶಿಬಿರ ಇವೆಲ್ಲ ಸ್ವಾಗತಾರ್ಹ. ಆದರೆ ಕಂಪನಿಯ ದೈನಂದಿನ ವ್ಯವಹಾರದ ಕೆಲಸಗಳು ಈ ಲೆಕ್ಕಕ್ಕೆ ಸೇರುವುದಿಲ್ಲವೆಂದು ಅದರ ನಿಯಮಗಳೇ ಹೇಳುತ್ತವೆ. ತನ್ನ ಸರಕಿನ ಧೂಳನ್ನು ತಡೆಯುವುದು ದಾನವಲ್ಲ, ವ್ಯವಹಾರದ ಖರ್ಚು. ಶಾಲೆಗೆ ಬಣ್ಣ ಬಳಿದು, ಆ ಶಾಲೆಯ ಮುಂದಿನ ರಸ್ತೆಯನ್ನು ಮರೆಯುವುದು ಹೊಣೆಗಾರಿಕೆಯಾಗದು.

ಗುತ್ತಿಗೆಯ ಸಾಗಣೆಯನ್ನು ಲೆಕ್ಕಕ್ಕೆ ತರಲು ಸಾಧ್ಯವೇ ಎಂದು ಸಂಶಯಪಡುವವರಿಗೆ ಅಂಚೆ ಮತ್ತು ಸರಕು ಸಾಗಣೆಯ ದೊಡ್ಡ ಸಂಸ್ಥೆಯೊಂದರ ನಿದರ್ಶನವಿದೆ. ನಮ್ಮಲ್ಲಿಯೂ ಪಾರ್ಸೆಲ್ ಮುಟ್ಟಿಸುವ ಬ್ಲೂ ಡಾರ್ಟ್ ಕಂಪನಿಯಲ್ಲಿ ಬಹುಪಾಲು ಒಡೆತನ ಹೊಂದಿರುವ ಜರ್ಮನಿಯ ಡಿಎಚ್‌ಎಲ್ ಸಮೂಹ, 2020ರೊಳಗೆ ತನ್ನ ಇಂಗಾಲ ದಕ್ಷತೆಯನ್ನು 2007ಕ್ಕಿಂತ ಶೇ. 30ರಷ್ಟು ಉತ್ತಮಪಡಿಸುವ ಗುರಿಯನ್ನು 2008ರಲ್ಲಿ ಹಾಕಿಕೊಂಡಿತು. ಆ ಲೆಕ್ಕದಲ್ಲಿ ಗುತ್ತಿಗೆ ಸಾಗಣೆದಾರರ ವಾಹನಗಳೂ ಸೇರಿದ್ದವು. ಗುರಿಯನ್ನು 2016ರಲ್ಲಿಯೇ ತಲುಪಿತು. ದಕ್ಷತೆ ಹೆಚ್ಚಿದ ಮಾತ್ರಕ್ಕೆ ಒಟ್ಟು ಹೊಗೆ ಇಳಿಯಿತೆಂದು ಅರ್ಥವಲ್ಲ. ಆ ಕಂಪನಿಯನ್ನು ಹೊಗಳುವುದೂ ನನ್ನ ಉದ್ದೇಶವಲ್ಲ. ಬೇರೆಯವರ ಲಾರಿಯಾದರೂ ಸರಕು ನನ್ನದಾದರೆ ಹೊಗೆಯೂ ನನ್ನದೇ ಎಂಬ ಲೆಕ್ಕವನ್ನು ಬರೆಯಬಹುದು ಎಂಬುದಷ್ಟೇ ನನ್ನ ವಾದ.

ನಮ್ಮಲ್ಲಿ ಇನ್ನೊಂದು ಅನುಕೂಲವೂ ಇದೆ. ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆದದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ ಆ ಹಳಿಯ ಮೇಲೆಯೇ ಇವೆ. ಅಷ್ಟೇ ಭಾರವನ್ನು ಅಷ್ಟೇ ದೂರ ಒಯ್ಯಲು ರೈಲಿಗೆ ಲಾರಿಗಿಂತ ಬಹಳ ಕಡಿಮೆ ಇಂಧನ ಸಾಕು. ಆದರೂ ಸ್ವಾತಂತ್ರ್ಯದ ಆರಂಭದ ವರ್ಷಗಳಲ್ಲಿ ದೇಶದ ಸರಕಿನ ಬಹುಭಾಗವನ್ನು ಹೊರುತ್ತಿದ್ದ ರೈಲಿನ ಪಾಲು ಇಂದು ಮೂರನೆಯ ಒಂದಕ್ಕಿಂತ ಕಡಿಮೆಯಾಗಿದೆ.

ಚಾಲಕರನ್ನು ಮರೆಯಬಾರದು. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದುಡಿಮೆಯನ್ನು ದಿನಕ್ಕೆ 8 ಗಂಟೆಗೆ ಮಿತಿಗೊಳಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆ ಅದರ ಸ್ಥಾನವನ್ನು ಪಡೆದಿದ್ದರೂ 8 ಗಂಟೆಯ ಮಿತಿ ಉಳಿದಿದೆ. ಸರದಿಗಾಗಿ ರಸ್ತೆಯಂಚಿನಲ್ಲಿ ಕಾಯುವ ಚಾಲಕನಿಗೆ ನೆರಳು, ನೀರು, ಶೌಚಾಲಯ ಒದಗಿಸುವುದು ಕನಿಷ್ಠ ಮಾನವೀಯತೆ.

ನಮ್ಮ ಬೇಡಿಕೆಗಳು ನಾಲ್ಕೇ. ತಾಡಪಾಲು ಹೊದಿಸದ, ಗಾಲಿ ತೊಳೆಯದ ಲಾರಿಗೆ ದ್ವಾರದಲ್ಲಿ ಅನುಮತಿ ಇರಬಾರದು. ದ್ವಾರದ ತೂಕದ ದಾಖಲೆ ಗ್ರಾಮಸಭೆಗೆ ಲಭ್ಯವಾಗಬೇಕು. ಚಾಲಕರಿಗೆ ತಂಗುದಾಣ ಬೇಕು. ರೈಲಿನಲ್ಲಿ ಎಷ್ಟು, ರಸ್ತೆಯಲ್ಲಿ ಎಷ್ಟು ಸಾಗಿತೆಂಬುದನ್ನು ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟಿಸಬೇಕು.

ಕಾರ್ಖಾನೆ ಮುಚ್ಚಬೇಕೆಂದು ನಾವು ಇಲ್ಲಿಗೆ ಬಂದಿಲ್ಲ. ಇಲ್ಲಿನ ಸಾವಿರಾರು ಮನೆಗಳ ಒಲೆ ಅದರಿಂದ ಉರಿಯುತ್ತದೆ ಎಂಬುದು ನಮಗೆ ಗೊತ್ತಿದೆ. ಕಾರ್ಖಾನೆಯ ಹೊಣೆ ಅದರ ಕಾಂಪೌಂಡಿನ ಗೋಡೆಗೆ ಮುಗಿಯುವುದಿಲ್ಲ, ಚೀಲ ಇಳಿಯುವ ಊರಿನವರೆಗೂ ಸಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳಿರಿ ಎಂದು ಕೇಳಲು ಬಂದಿದ್ದೇವೆ. ಮುಂದಿನ ಗ್ರಾಮಸಭೆಯಲ್ಲಿ ಈ ನಾಲ್ಕು ಮಾತುಗಳನ್ನು ನಿರ್ಣಯವಾಗಿ ಬರೆಯಿಸಿರಿ ಎಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.