ಮಣ್ಣಿನಲ್ಲಿ ಒಂದು ಮೈಯಚ್ಚು



ಕ್ಯೂಬಾದಲ್ಲಿ ಕ್ರಾಂತಿಯಾದ ಮೇಲಿನ ದಿನಗಳು. 1961ರಲ್ಲಿ ಹವಾನಾದ 12 ವರ್ಷದ ಹುಡುಗಿಯೊಬ್ಬಳು ಅಕ್ಕನ ಕೈ ಹಿಡಿದು ಅಮೆರಿಕದ ವಿಮಾನ ಹತ್ತಿದಳು. ಅಪ್ಪ ಅಮ್ಮ ಹಿಂದೆಯೇ ಉಳಿದರು. ಹೀಗೆ ಹೆತ್ತವರಿಲ್ಲದೆ ದೇಶ ಬಿಟ್ಟ ಕ್ಯೂಬಾದ ಮಕ್ಕಳು 14 ಸಾವಿರಕ್ಕೂ ಹೆಚ್ಚು. ಚಳಿಯ ನಾಡಾದ ಅಯೋವಾದಲ್ಲಿ, ಅನಾಥಾಲಯದಲ್ಲಿ, ಯಾರುಯಾರದೋ ಮನೆಗಳಲ್ಲಿ ಬೆಳೆದ ಆ ಹುಡುಗಿಯೇ ಮುಂದೆ ಕಲಾವಿದೆಯಾದ ಆನಾ ಮೆಂಡಿಯೆಟಾ.

1973ರಲ್ಲಿ ಆನಾ ಮೆಕ್ಸಿಕೊದ ಯಾಗುಲ್‌ಗೆ ಹೋದರು. ಅಲ್ಲಿ ಝಾಪೊಟೆಕ್ ಜನರ ಪುರಾತನ ಸಮಾಧಿಯೊಂದು ಬಾಯ್ದೆರೆದುಕೊಂಡಿತ್ತು. ಅದರೊಳಗೆ ಬರಿಮೈಯಲ್ಲಿ ಅಂಗಾತ ಮಲಗಿ, ಮೈತುಂಬ ಬಿಳಿ ಹೂವು ಹೊದ್ದರು. ಫೋಟೊದಲ್ಲಿ ಮುಖ ಕಾಣುವುದಿಲ್ಲ. ಹೂಗಿಡ ಆ ಮೈಯಿಂದಲೇ ಚಿಗುರಿ ಎದ್ದಂತಿದೆ. ಸಾವೋ ಹುಟ್ಟೋ ಹೇಳುವುದು ಕಷ್ಟ.

ಬರಬರುತ್ತ ಅವರು ತಮ್ಮ ದೇಹವನ್ನೂ ಚಿತ್ರದಿಂದ ಆಚೆಗಿಟ್ಟರು. ಉಳಿದದ್ದು ಮೈಯ ಆಕಾರ ಮಾತ್ರ. ಕೆಸರಿನಲ್ಲಿ ತೋಡಿದರು, ಹುಲ್ಲಿನಲ್ಲಿ ಒತ್ತಿದರು, ಸಿಡಿಮದ್ದು ತುಂಬಿ ಬೆಂಕಿ ಕೊಟ್ಟರು. 'ಸಿಲುವೆಟಾ' ಎಂಬ ಈ ಸರಣಿ 1980ರವರೆಗೂ ನಡೆಯಿತು. 1976ರಲ್ಲಿ ಮೆಕ್ಸಿಕೊದ ಕಡಲತೀರದ ಮರಳಿನಲ್ಲಿ ತಮ್ಮ ಆಕಾರ ಕೊರೆದು ಕೆಂಪು ಬಣ್ಣ ತುಂಬಿದರು. ಅಲೆ ಬಂತು, ಅಂಚು ಕರಗಿತು, ಕೆಂಪು ನೀರಿಗಿಳಿಯಿತು. ಆನಾ ತಡೆಯಲಿಲ್ಲ, ಒಂದೊಂದೇ ಹಂತದ ಫೋಟೊ ತೆಗೆದರು.

ಕಲೆ ಎಂದರೆ ಕಾಲವನ್ನು ಗೆದ್ದು ನಿಲ್ಲಬೇಕು ಎನ್ನುವವರೇ ಹೆಚ್ಚು. ಮನುಷ್ಯನ ಮೈ ಎಷ್ಟು ಬೇಗ ನಲುಗುತ್ತದೆ, ಅಳಿಯುತ್ತದೆ ಎಂಬುದನ್ನು ಈ ಕಲಾವಿದೆ ಮುಚ್ಚಿಡಲೇ ಇಲ್ಲ. ಇದರಲ್ಲಿ ಸೋಲು ಕಾಣುವವರಿದ್ದಾರೆ. ನನಗೆ ಕಾಣುವುದು ಧೈರ್ಯ. ಎಳವೆಯಲ್ಲೇ ನೆಲ ಕಳೆದುಕೊಂಡ ಜೀವ, ಸಿಕ್ಕ ಸಿಕ್ಕ ನೆಲದಲ್ಲೆಲ್ಲ ಮಲಗಿ, ನನಗಿಲ್ಲಿ ಜಾಗವಿದೆಯೇ ಎಂದು ಕೇಳುತ್ತಲೇ ಇತ್ತು.

1981ರಲ್ಲಿ ಆನಾ ಕ್ಯೂಬಾದ ಹಾರುಕೊ ಬೆಟ್ಟಗಳ ಸುಣ್ಣಕಲ್ಲಿನಲ್ಲಿ ಹೆಣ್ಣಿನ ಆಕಾರಗಳನ್ನು ಕೆತ್ತಿದರು. ಆ ದ್ವೀಪದ ಮೂಲನಿವಾಸಿಗಳಾದ ಟೈನೊ ಜನರ ದೇವಿಯರ ಹೆಸರನ್ನು ಅವಕ್ಕಿಟ್ಟರು. ಬಿಟ್ಟುಹೋದ ಮಣ್ಣಿಗೆ ಇಪ್ಪತ್ತು ವರ್ಷದ ನಂತರ ಅವರ ಕೈ ತಾಗಿತ್ತು. 1985ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡಾಗ ಅವರಿಗೆ ಬರೀ 36 ವರ್ಷ.

ಅವರ ಫೋಟೊಗಳು ಎಲ್ಲಾದರೂ ಕಣ್ಣಿಗೆ ಬಿದ್ದರೆ ಅವಸರಪಡದೆ ನೋಡಿ. ಆ ಆಕಾರವನ್ನಷ್ಟೇ ಅಲ್ಲ, ಸುತ್ತಲಿನ ಹುಲ್ಲು, ಕೆಸರು, ನೀರನ್ನೂ ನೋಡಿ.