ಘಟ್ಟದ ಹಾದಿಗಳು



ಕರಾವಳಿಯವರು ನಮ್ಮನ್ನು ‘ಘಟ್ಟದ ಮೇಲಿನವರು’ ಎನ್ನುವರು. ನಾವು ಅವರನ್ನು ‘ಘಟ್ಟದ ಕೆಳಗಿನವರು’ ಎನ್ನುವೆವು. ಈ ಎರಡು ಮಾತುಗಳಲ್ಲಿಯೂ ಬೆಟ್ಟದ ಪ್ರಸ್ತಾಪವೇ ಇಲ್ಲವೆಂಬುದನ್ನು ತಾವು ಗಮನಿಸಿರಬಹುದು. ಘಟ್ಟವೆಂದರೆ ಏರಿಳಿಯುವ ಮೆಟ್ಟಿಲು, ಹಾದಿ. ಹಾದಿಯ ಹೆಸರನ್ನೇ ಪಾಶ್ಚಾತ್ಯರು ಪರ್ವತಶ್ರೇಣಿಗೆಲ್ಲ ಇಟ್ಟು ಭೂಪಟದಲ್ಲಿ ಬರೆದರು. ಇದು ಅವರ ಅಜ್ಞಾನವೆಂದು ಹೇಳುವವರುಂಟು. ನನಗಾದರೋ, ಸಹ್ಯಾದ್ರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲವೆಂದು ತೋರುತ್ತದೆ.

ಏಕೆಂದರೆ, ತಪತೀನದಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1,000 ಮೈಲಿ ಹಬ್ಬಿರುವ ಈ ಶ್ರೇಣಿಯು ಹಿಮಾಲಯದಂತೆ ಮಡಿಕೆಬಿದ್ದು ಮೇಲೆದ್ದ ಪರ್ವತವಲ್ಲ, ಪ್ರಸ್ಥಭೂಮಿಯ ಅಂಚು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ದ್ವೀಪವು ನಮ್ಮ ಭೂಭಾಗದಿಂದ ಬೇರ್ಪಟ್ಟಿತು. ಆಗ ಸೀಳಿದ ಅಂಚು ಮಳೆಯಿಂದ ಸವೆದು ಪೂರ್ವಕ್ಕೆ ಸರಿಯುತ್ತ ಇಂದಿನ ರೂಪವನ್ನು ತಾಳಿತೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇದನ್ನು ಕಾಲಿನಿಂದಲೇ ಪರೀಕ್ಷಿಸಬಹುದು. ಕುಕ್ಕೆ ಸುಬ್ರಹ್ಮಣ್ಯದಿಂದ ಗಿರಿಗದ್ದೆ, ಕಲ್ಲುಮಂಟಪಗಳ ಮೂಲಕ ಕುಮಾರಪರ್ವತವನ್ನು ಹತ್ತುವವನು ಸುಮಾರು 5,000 ಅಡಿ ಏರಬೇಕು. ಸೋಮವಾರಪೇಟೆಯ ಕಡೆಯಿಂದ ಅದೇ ಶಿಖರಕ್ಕೆ ಏರಬೇಕಾದುದು ಬಹಳ ಕಡಿಮೆ. ಬೆಟ್ಟವೊಂದೇ, ಕೆಳಗಿನವರಿಗೆ ಗೋಡೆ, ಮೇಲಿನವರಿಗೆ ಹೊಸ್ತಿಲು!

ಈ ಗೋಡೆಯಲ್ಲಿ ಎಲ್ಲಿ ಹಾದಿ ದೊರೆಯಿತೋ ಅಲ್ಲಿ ಇತಿಹಾಸವು ನಡೆಯಿತು. ಹೇರೆತ್ತುಗಳು ಉಪ್ಪನ್ನು ಮೇಲಕ್ಕೂ, ಅಕ್ಕಿ, ಮೆಣಸು, ಅಡಕೆಗಳನ್ನು ಕೆಳಕ್ಕೂ ಹೊತ್ತವು. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಗೇರುಸೊಪ್ಪೆಯ ಘಟ್ಟವನ್ನೇರಿ ಇಕ್ಕೇರಿಗೆ ಬಂದನು. 1801ರಲ್ಲಿ ಬುಕಾನನ್ ಘಟ್ಟವನ್ನೇರಿ ನಗರಕ್ಕೆ ಹೋದನು. ಕೆಳದಿಯ ಅರಸರ ಐಶ್ವರ್ಯಕ್ಕೆ ಗದ್ದೆಗಳಷ್ಟೇ ಈ ಹಾದಿಗಳೂ ಕಾರಣ.

ಇಂದು ಸರಕು ರಸ್ತೆಯಲ್ಲಿ ಹೋಗುತ್ತದೆ. ಕಾಲುಹಾದಿಗಳು ಚಾರಣಪ್ರಿಯರ ಪಾಲಿಗೆ ಉಳಿದಿವೆ. ಕೊಡಚಾದ್ರಿಗೆ ಜೀಪಿನಲ್ಲಿ ಹೋಗುವುದುಂಟು. ಅವರಿಗೆ ಸರ್ವಜ್ಞಪೀಠದ ಕಲ್ಲುಮಂಟಪವು ದೊರೆತೀತು, ಘಟ್ಟವು ದೊರೆಯದು.

ಸಮುದ್ರದ ಕಡೆಯಿಂದ ಅಶ್ವಮುಖದಂತೆ ಕಾಣುವ, 6,214 ಅಡಿ ಎತ್ತರದ ಕುದುರೆಮುಖದ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ ನೆತ್ತಿಯ ಮೇಲೆ ಹುಲ್ಲು, ಕಣಿವೆಯ ಮಡಿಲಲ್ಲಿ ಶೋಲಾ ಕಾಡು. ಮಳೆಯ ನೀರನ್ನು ಈ ಹುಲ್ಲು ಮತ್ತು ಕಾಡುಗಳೇ ಹೀರಿಕೊಂಡು, ಬೇಸಗೆಯಲ್ಲಿ ಮೆಲ್ಲಮೆಲ್ಲನೆ ತೊರೆಗಳಿಗೆ ಬಿಟ್ಟುಕೊಡುವುವು. ಈ ಸೀಮೆಯಲ್ಲಿ ಕಬ್ಬಿಣದ ಅದಿರಿಗಾಗಿ ಕಾಲು ಶತಮಾನ ನೆಲವನ್ನು ಅಗೆದರು. ಹೂಳು ಭದ್ರೆಗೆ ಇಳಿಯಿತು. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ 2005ರ ಕೊನೆಗೆ ಗಣಿ ನಿಂತಿತು. ಗಣಿಯನ್ನು ನಿಂದಿಸಿದ ನಾವು ನಮ್ಮ ಪಾದಗಳನ್ನೂ ಸ್ವಲ್ಪ ನೋಡಿಕೊಳ್ಳುವುದು ನ್ಯಾಯ. ಮುಳ್ಳೋಡಿಯಿಂದ ಶಿಖರಕ್ಕೆ ದಿನಕ್ಕೆ ಇಂತಿಷ್ಟು ಮಂದಿಯೆಂದು ಅರಣ್ಯ ಇಲಾಖೆಯು ಮಿತಿಯಿಟ್ಟಿರುವುದಕ್ಕೆ ಬೇಸರಪಡುವವರನ್ನು ಕಂಡಿದ್ದೇನೆ. ಹುಲ್ಲಿನ ಕೆಳಗಿರುವ ಮಣ್ಣು ತೆಳುವಾದುದು. ಹೋಗುವವರು ಹಳೆಯ ಹಾದಿಯಲ್ಲಿಯೇ ಒಬ್ಬರ ಹಿಂದೊಬ್ಬರು ನಡೆಯಬೇಕು. ಮಗ್ಗುಲಲ್ಲಿ ಹೊಸ ಜಾಡು ಮಾಡಿದರೆ ಆರಿದ್ರೆಯ ಮಳೆಗೆ ಅದು ಕೊರಕಲಾಗುತ್ತದೆ.